ಗಣಕಯಂತ್ರದ ವೃತ್ತಿಯೂ ಅದರ ಸ್ಥಿರತೆಯೂ

ಪದವಿ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ನಮ್ಮ ಹಿರಿಯರ ಕಾಲದಲ್ಲಿ ಎರಡು ಮೂರು ಉತ್ತರಗಳಿದ್ದುವು. ಉಪಾಧ್ಯಾಯ ವೃತ್ತಿ, ಸರ್ಕಾರಿ ಕಚೇರಿಯ ಗುಮಾಸ್ತೆಗಿರಿ, ಬ್ಯಾಂಕು; ಇವು ಯಾವುವೂ ದೊರೆಯದಿದ್ದರೆ ಊರಿನ ಜಮೀನು. ಇಂದು ಈ ಪಟ್ಟಿಗೆ ಇನ್ನೊಂದು ಸೇರಿದೆ. ಸೇರಿರುವುದಷ್ಟೇ ಅಲ್ಲ, ಉಳಿದುವನ್ನೆಲ್ಲ ಹಿಂದಕ್ಕೆ ತಳ್ಳಿ ತಾನೇ ಮೊದಲ ಸ್ಥಾನದಲ್ಲಿ ಕುಳಿತುಬಿಟ್ಟಿದೆ. ಅದೇ ಕಂಪ್ಯೂಟರಿನ ಕೆಲಸ. “ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ” ಎಂದರೆ ಸಾಕು, ಹೆಣ್ಣು ಕೊಡುವವರು ಕೂಡ ಸಂಬಳವೊಂದನ್ನು ಬಿಟ್ಟು ಬೇರೇನನ್ನೂ ವಿಚಾರಿಸುವುದಿಲ್ಲ.

ಆದರೆ ಅದೇ ಮನೆಗಳಿಗೆ ಬರುವ ವೃತ್ತಪತ್ರಿಕೆಗಳಲ್ಲಿ ಬೇರೊಂದು ಬಗೆಯ ಸುದ್ದಿಯೂ ಬರುತ್ತಿದೆ. 2022ರ ನವೆಂಬರ್‌ನಲ್ಲಿ ಮೆಟಾ ಸಂಸ್ಥೆಯು 11,000ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ಬಿಡಿಸಿತು. 2023ರ ಜನವರಿಯಲ್ಲಿ ಗೂಗಲ್ ಸಂಸ್ಥೆಯು ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. 2025ರ ಜುಲೈನಲ್ಲಿ ನಮ್ಮ ದೇಶದ್ದೇ ಆದ ಟಿ.ಸಿ.ಎಸ್. ಸಂಸ್ಥೆಯು ತನ್ನ ನೌಕರರಲ್ಲಿ ನೂರಕ್ಕೆ ಇಬ್ಬರನ್ನು, ಎಂದರೆ ಸುಮಾರು 12,000 ಮಂದಿಯನ್ನು, ಬಿಡಿಸುವುದಾಗಿ ತಿಳಿಸಿತು. ಹೀಗಿರುವಾಗ ಈ ವೃತ್ತಿಯನ್ನು ನಂಬಿ ಸಾಲ ಮಾಡಿ ತರಬೇತಿಗೆ ಹಣ ಕಟ್ಟುವುದು ವಿವೇಕವೇ? ನಮ್ಮಂಥ ಸರ್ಕಾರಿ ಕಲಾ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರು. ಒಂದು ಸಲ ಹೆಜ್ಜೆ ತಪ್ಪಿದರೆ ಎರಡನೆಯ ಸಲ ಪ್ರಯತ್ನಿಸುವುದಕ್ಕೆ ಮನೆಯಲ್ಲಿ ಹಣವಿರುವುದಿಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಉಚಿತ.

ಈ ನೌಕರಿಗಳು ಹುಟ್ಟುವ ಬಗೆಯನ್ನು ಮೊದಲು ನೋಡೋಣ. 1970ರ ದಶಕದಲ್ಲಿ ಆರ್. ಕೆ. ಬಾಳಿಗರು ಬೆಂಗಳೂರಿನ ದಕ್ಷಿಣಕ್ಕೆ ‘ಎಲೆಕ್ಟ್ರಾನಿಕ್ ಸಿಟಿ’ಯೊಂದನ್ನು ಕಟ್ಟುವ ಯೋಜನೆ ಹಾಕಿದರು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಶಾಖೆ ತೆರೆಯಿತು. ಇಲ್ಲಿ ಕುಳಿತು ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಸಾಗರದಾಚೆಗೆ ಕಳುಹಿಸಬಹುದು ಎಂಬುದು ಅಲ್ಲಿಂದ ಮುಂದೆ ಎಲ್ಲರಿಗೂ ಮನವರಿಕೆಯಾಯಿತು. ಅನಂತರ ಬಂದುದು 2000ದ ವರ್ಷದ ತೊಡಕು. ಹಳೆಯ ಕಂಪ್ಯೂಟರುಗಳಲ್ಲಿ ಜಾಗ ಉಳಿಸುವುದಕ್ಕಾಗಿ ಇಸವಿಯ ಕೊನೆಯ ಎರಡು ಅಂಕೆಗಳನ್ನು ಮಾತ್ರ ಬರೆದಿಡುತ್ತಿದ್ದರು. 2000 ಬಂದಾಗ ಯಂತ್ರವು ಅದನ್ನು 1900 ಎಂದು ತಿಳಿದರೆ ಬ್ಯಾಂಕುಗಳ ಬಡ್ಡಿಯ ಲೆಕ್ಕ, ವಿಮೆಯ ಲೆಕ್ಕ ಎಲ್ಲವೂ ತಲೆಕೆಳಗಾಗುತ್ತಿತ್ತು. ಲಕ್ಷಾಂತರ ಸಾಲುಗಳ ಹಳೆಯ ಬರಹವನ್ನು ಓದಿ ತಿದ್ದಬೇಕಾಗಿ ಬಂದಾಗ ಆ ಕೆಲಸದಲ್ಲಿ ದೊಡ್ಡದೊಂದು ಪಾಲು ನಮ್ಮ ದೇಶದ ತರುಣರ ಕೈಗೆ ಬಂತು.

ಅಂದು ನೆಲೆಗೊಂಡ ಪದ್ಧತಿಯೇ ಇಂದಿಗೂ ಬಹುಮಟ್ಟಿಗೆ ನಡೆಯುತ್ತಿದೆ. ಹೊರದೇಶದ ಬ್ಯಾಂಕೋ ಅಂಗಡಿಯೋ ತನ್ನ ಕೆಲಸವನ್ನು ಇಲ್ಲಿಯ ಸಂಸ್ಥೆಗೆ ಗುತ್ತಿಗೆ ಕೊಡುತ್ತದೆ. ಇಷ್ಟು ಮಂದಿ, ಇಷ್ಟು ತಿಂಗಳು ಎಂದು ಲೆಕ್ಕ ಹಾಕಿ ಹಣ ಸಂದಾಯವಾಗುತ್ತದೆ. ಗುತ್ತಿಗೆ ಮುಗಿದು ಮುಂದಿನದು ದೊರೆಯುವವರೆಗೆ ನೌಕರನು ಕೆಲಸವಿಲ್ಲದೆ ಕುಳಿತಿರುತ್ತಾನೆ. ಇದಕ್ಕೆ ಅವರ ಭಾಷೆಯಲ್ಲಿ ‘ಬೆಂಚ್’ ಎಂದು ಹೆಸರು. ನಮಗೆ ಪರಿಚಯವಾದ ಕಡೆಯ ಬೆಂಚಿಗಿಂತ ಇದು ಹೆಚ್ಚು ಭಯಂಕರವಾದುದು. ಗುತ್ತಿಗೆ ಕೊಟ್ಟವನ ವ್ಯಾಪಾರ ಇಳಿದರೆ ಇಲ್ಲಿಯ ಕುರ್ಚಿ ಅಲುಗಾಡುತ್ತದೆ. 2001ರಲ್ಲಿ ಹೀಗಾಯಿತು, 2008ರಲ್ಲಿ ಮತ್ತೆ ಹೀಗಾಯಿತು. ಅಮೆರಿಕದಲ್ಲಿ ಮಳೆ ಹೋದರೆ ಬೆಂಗಳೂರಿನಲ್ಲಿ ಬೆಳೆ ಒಣಗುತ್ತದೆ. ಇದರಲ್ಲಿ ಕೆಲಸ ಕಳೆದುಕೊಂಡವನ ಬುದ್ಧಿಯ ಕೊರತೆ ಏನೂ ಇಲ್ಲದಿರಬಹುದು ಎಂಬುದನ್ನು ಅವನ ಮನೆಯವರೂ ನೆರೆಯವರೂ ತಿಳಿದಿರುವುದು ಒಳ್ಳೆಯದು.

ಹಾಗಾದರೆ ಸರ್ಕಾರಿ ನೌಕರಿಯಲ್ಲಿ ನಾವು ಕಾಣುವ ಬಗೆಯ ಸ್ಥಿರತೆಯನ್ನು ಇಲ್ಲಿ ಹುಡುಕುವುದೇ ವ್ಯರ್ಥ. ಅಲ್ಲಿ ಹುದ್ದೆ ಸ್ಥಿರ. ಇಲ್ಲಿ ಒಂದು ಹುದ್ದೆ ಹೋದರೆ ಇನ್ನೊಂದನ್ನು ಪಡೆಯುವ ಶಕ್ತಿ ಸ್ಥಿರವಾಗಿರಬೇಕು. ಆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ. ಸಾಮಾನ್ಯವಾಗಿ ತರಬೇತಿ ಸಂಸ್ಥೆಗಳ ಗೋಡೆಬರಹಗಳು ಕೊಡುವ ಉತ್ತರ ಒಂದೇ: ಈಗ ಪೇಟೆಯಲ್ಲಿ ಯಾವ ಸಲಕರಣೆಗೆ ಬೆಲೆ ಇದೆಯೋ ಅದನ್ನು ಮೂರು ತಿಂಗಳಲ್ಲಿ ಕಲಿತುಬಿಡಿ. ಈ ಉತ್ತರ ಸರಿಯಲ್ಲ ಎಂಬುದಕ್ಕೆ ಗಣಕಯಂತ್ರದ ಚರಿತ್ರೆಯೇ ಸಾಕ್ಷಿ.

‘ಫ್ಲ್ಯಾಶ್’ ಎಂಬ ಸಲಕರಣೆಯೊಂದಿತ್ತು. ಅಂತರ್ಜಾಲದ ಪುಟಗಳಲ್ಲಿ ಚಲಿಸುವ ಚಿತ್ರ, ಆಟ ಮುಂತಾದುವನ್ನು ಮಾಡುವುದಕ್ಕೆ ಒಂದು ಕಾಲದಲ್ಲಿ ಅದೇ ಎಲ್ಲರಿಗೂ ಬೇಕು. ಅದನ್ನು ಕಲಿಸುವ ಅಂಗಡಿಗಳು ಬೀದಿಬೀದಿಗೂ ಹುಟ್ಟಿದ್ದುವು. 2020ರ ಡಿಸೆಂಬರ್ 31ರಂದು ಅದರ ಒಡೆಯರಾದ ಅಡೋಬಿ ಸಂಸ್ಥೆಯವರೇ ಅದಕ್ಕೆ ಬೆಂಬಲ ನಿಲ್ಲಿಸಿದರು. ಅದೊಂದನ್ನೇ ಬಲ್ಲವನ ವಿದ್ಯೆಗೆ ಅಂದಿಗೆ ತರ್ಪಣ ಬಿಟ್ಟಂತಾಯಿತು. ಇನ್ನೊಂದು ಕಡೆ, 1959ರಲ್ಲಿ ಅಮೆರಿಕದ ಸಮಿತಿಯೊಂದು ವ್ಯವಹಾರದ ಲೆಕ್ಕಗಳಿಗಾಗಿ ‘ಕೋಬಾಲ್’ ಎಂಬ ಭಾಷೆಯನ್ನು ಯೋಜಿಸಿತು. ಅದು ಮುದಿಯಾಯಿತು, ಸತ್ತೇಹೋಯಿತು ಎಂದು ಹೇಳುತ್ತ ಬಂದವರು ಎಷ್ಟೋ ಮಂದಿ. ಆದರೆ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಪಿಡುಗಿನ ದಿನಗಳಲ್ಲಿ, ನಿರುದ್ಯೋಗ ಭತ್ಯೆಯ ಅರ್ಜಿಗಳು ಪ್ರವಾಹದಂತೆ ಬಂದಾಗ, ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿಯವರು ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ದತ್ತಾಂಶಗಳನ್ನು ಕೋಷ್ಟಕಗಳಾಗಿ ಜೋಡಿಸಿಡುವ ಸಿದ್ಧಾಂತವನ್ನು ಎಡ್ಗರ್ ಕಾಡ್ ಎಂಬ ವಿದ್ವಾಂಸನು ಪ್ರಕಟಿಸಿದುದು 1970ರಲ್ಲಿ. ಅದರ ಮೇಲೆ ಕಟ್ಟಿದ ‘ಎಸ್‌.ಕ್ಯೂ.ಎಲ್.’ ಎಂಬ ಭಾಷೆಯ ಮೊದಲ ರೂಪ ಹೊರಬಂದುದು 1974ರಲ್ಲಿ. ಅರ್ಧ ಶತಮಾನ ಕಳೆದರೂ ಬ್ಯಾಂಕು, ಆಸ್ಪತ್ರೆ, ಅಂಗಡಿ, ಎಲ್ಲಿ ದಾಖಲೆಗಳಿವೆಯೋ ಅಲ್ಲೆಲ್ಲ ಅದು ದುಡಿಯುತ್ತಿದೆ.

ಇವೆರಡಕ್ಕೂ ಇರುವ ಅಂತರವನ್ನು ಗಮನಿಸಬೇಕು. ಫ್ಲ್ಯಾಶ್ ಒಂದು ಸಂಸ್ಥೆಯ ಸರಕು. ಕಾಡ್‌ನದು ಒಂದು ವಿಚಾರ. ಸರಕುಗಳು ಬರುತ್ತವೆ, ಹೋಗುತ್ತವೆ. ವಿಚಾರಗಳ ಆಯುಷ್ಯ ಹೆಚ್ಚು.

ವಿಚಾರ ಎಂದರೇನು ಎಂಬುದನ್ನು ನಮ್ಮ ಗ್ರಂಥಾಲಯದಲ್ಲಿಯೇ ತೋರಿಸಬಹುದು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಒಂದು ಪದವನ್ನು ಮೊದಲ ಪುಟದಿಂದ ಒಂದೊಂದಾಗಿ ನೋಡುತ್ತ ಹೋದರೆ ದುರದೃಷ್ಟವಶಾತ್ 70,000 ಬಾರಿ ನೋಡಬೇಕಾದೀತು. ಅದಕ್ಕೆ ಬದಲಾಗಿ ನಟ್ಟನಡುವಿನ ಪದವನ್ನು ತೆರೆದು ನೋಡಿರಿ. ನಮಗೆ ಬೇಕಾದ ಪದ ಅದಕ್ಕಿಂತ ಹಿಂದಿದ್ದರೆ ಮುಂದಿನ ಅರ್ಧವನ್ನು ಪೂರ್ತಿಯಾಗಿ ಕೈಬಿಡಬಹುದು, ಉಳಿದುದು 35,000. ಅದರ ನಡುವನ್ನು ನೋಡಿದರೆ 17,500. ಹೀಗೆ ಅರ್ಧ ಮಾಡುತ್ತ ಹೋದರೆ ಹದಿನೇಳು ಬಾರಿಗಿಂತ ಹೆಚ್ಚು ನೋಡಬೇಕಾಗುವುದೇ ಇಲ್ಲ. ನಿಘಂಟಿನ ಗಾತ್ರ ಇಮ್ಮಡಿಯಾದರೆ ಹೆಚ್ಚಾಗುವ ಶ್ರಮ ಎಷ್ಟು? ಒಂದೇ ಒಂದು ನೋಟ. ಯಂತ್ರ ಯಾವುದೇ ಇರಲಿ, ಭಾಷೆ ಯಾವುದೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಹತ್ತು ಹುಡುಕುಗಳಿಗೆ ಸಾಕಾದ ಬರಹ ಹತ್ತು ಕೋಟಿ ಹುಡುಕುಗಳ ಭಾರ ಬಿದ್ದಾಗ ಕುಸಿಯುವುದೇಕೆ ಎಂಬುದನ್ನು ಹೇಳಬಲ್ಲವನು ಇದನ್ನು ತಿಳಿದವನು. ಗಣಕವಿಜ್ಞಾನದ ಪಠ್ಯದಲ್ಲಿ ದತ್ತಾಂಶಗಳ ರಚನೆ, ಕ್ರಮವಿಧಿಗಳು, ಕಾರ್ಯಾಚರಣ ವ್ಯವಸ್ಥೆ, ಜಾಲಗಳು ಎಂದು ಇರುವ ನೀರಸವೆನಿಸುವ ಅಧ್ಯಾಯಗಳೆಲ್ಲ ಈ ಜಾತಿಗೆ ಸೇರಿದುವು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಡುವ ಅಧ್ಯಾಯಗಳು ಸಾಮಾನ್ಯವಾಗಿ ಇವೇ ಆಗಿರುವುದು ನಮ್ಮ ದೌರ್ಭಾಗ್ಯ.

ಆದರೆ ಮೇಲಿನ ಉಪಾಯಕ್ಕೆ ಒಂದು ಕಟ್ಟುಪಾಡು ಇದೆ. ನಿಘಂಟು ಅಕಾರಾದಿಯಲ್ಲಿ ಇರಬೇಕು. ಇಲ್ಲಿಯೇ ಕಲಾವಿಭಾಗದವರಾದ ನಮಗೆ ಸಂಬಂಧಿಸಿದ ಸಂಗತಿಯೊಂದು ಬರುತ್ತದೆ. ಕಂಪ್ಯೂಟರಿಗೆ ಅಕ್ಷರ ತಿಳಿಯದು. ಅಂಕೆ ಮಾತ್ರ ತಿಳಿಯುತ್ತದೆ. ಪ್ರಪಂಚದ ಲಿಪಿಗಳಿಗೆಲ್ಲ ಅಂಕೆಗಳನ್ನು ಹಂಚಿದ ‘ಯೂನಿಕೋಡ್’ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಕೂರಿಸಿದುದರಿಂದ ಅದರಲ್ಲಿ ಲಕಾರದ ಬೆನ್ನಿಗೇ ಳಕಾರ ಬಂದಿದೆ; ವ, ಶ, ಷ, ಸ, ಹ ಆಮೇಲೆ. ನಮ್ಮ ವರ್ಣಮಾಲೆಯಲ್ಲಿಯಾದರೋ ಳಕಾರವು ಹಕಾರದ ಅನಂತರ ಬರತಕ್ಕದ್ದು. ಆದುದರಿಂದ ಅಂಕೆಗಳ ಕ್ರಮವನ್ನೇ ನಂಬಿ ಪದಗಳನ್ನು ಜೋಡಿಸಿದರೆ ‘ಕಳಸ, ಕವಿ, ಕಹಿ’ ಎಂದು ಬರುತ್ತದೆ. ನಿಘಂಟಿನಲ್ಲಿ ಇರಬೇಕಾದುದು ‘ಕವಿ, ಕಹಿ, ಕಳಸ’. ಕನ್ನಡ ಬಾರದ ತಜ್ಞನ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ. ಕಂಪ್ಯೂಟರ್ ಬಾರದ ಕನ್ನಡ ಪಂಡಿತನಿಗೆ ದೋಷ ಕಾಣುತ್ತದೆ, ಕಾರಣ ತಿಳಿಯದು. ಎರಡನ್ನೂ ಬಲ್ಲವನು ಜೋಡಣೆಯ ನಿಯಮವನ್ನು ಬೇರೆಯಾಗಿ ಬರೆದುಕೊಟ್ಟು ಇದನ್ನು ಸರಿಪಡಿಸಬಲ್ಲ. ದಕ್ಷಿಣ ಕನ್ನಡದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದುದು ಇಂಥ ಉಭಯ ಪರಿಚಯದ ಫಲ.

ಇನ್ನೊಂದು ನಿದರ್ಶನವನ್ನು ನಮ್ಮ ತಾಲ್ಲೂಕು ಕಚೇರಿಗಳಿಂದ ಕೊಡಬಹುದು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು. ಗ್ರಾಮಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತನು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಹಣ ಕಟ್ಟಿ ಪಹಣಿ ಪಡೆಯುವಂತಾಯಿತು. ಈ ಬಗೆಯ ಕೆಲಸದಲ್ಲಿ ಕಂಪ್ಯೂಟರಿನ ಭಾಗ ಅರ್ಧ ಮಾತ್ರ. ಎಕರೆಗೆ 40 ಗುಂಟೆ ಎಂಬುದನ್ನು ಹಳ್ಳಿಯ ಮಗುವೂ ಬಲ್ಲುದು. 2 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಸೇರಿಸಿದರೆ 4 ಎಕರೆ 10 ಗುಂಟೆ. ಆದರೆ ಗುಂಟೆಯನ್ನು ಕಾಣದ ತರುಣನೊಬ್ಬನು ಇವುಗಳನ್ನು 2.30 ಮತ್ತು 1.20 ಎಂದು ದಶಮಾಂಶದಲ್ಲಿ ಬರೆದರೆ ಯಂತ್ರವು ಶ್ರದ್ಧೆಯಿಂದ 3.50 ಎಂದು ಕೂಡಿಸಿ ಕೊಡುತ್ತದೆ. ಇರುವ ನೆಲದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಗುಂಟೆ ಕಾಗದದ ಮೇಲೆ ಮಾಯವಾಗುತ್ತದೆ. ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವುದಕ್ಕೆ ಅಷ್ಟು ಸಾಲದೆ? ಖಾತೆ ಬದಲಾವಣೆ, ಹಿಸ್ಸೆ, ಪೋಡಿ ಎಂಬ ಮಾತುಗಳ ಅರ್ಥ ಬಲ್ಲವನಿಗೆ ಇಲ್ಲಿ ಬೆಲೆ ಇದೆ. ಆಸ್ಪತ್ರೆ, ಸಹಕಾರ ಸಂಘ, ಗೋದಾಮು, ವಿಮೆ, ಕಾನೂನು, ಎಲ್ಲ ಕ್ಷೇತ್ರಗಳಲ್ಲಿಯೂ ಹೀಗೆಯೇ. ಒಂದು ವ್ಯವಹಾರವನ್ನು ಒಳಗಿನಿಂದ ಬಲ್ಲವನು ಕಂಪ್ಯೂಟರನ್ನೂ ಕಲಿತರೆ ಅವನನ್ನು ಬಿಡಿಸುವುದಕ್ಕೆ ಯಜಮಾನನು ಎರಡು ಸಲ ಯೋಚಿಸಬೇಕಾಗುತ್ತದೆ. ಬಿಡಿಸಿದರೂ ಅದೇ ವ್ಯವಹಾರದ ಇನ್ನೊಬ್ಬ ಯಜಮಾನನಿಗೆ ಅವನು ಬೇಕಾಗುತ್ತಾನೆ.

ಇದರಿಂದ ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಓದಿದವರೆಲ್ಲ ತಾವಾಗಿಯೇ ಕಂಪ್ಯೂಟರ್ ತಜ್ಞರಾಗುವರೆಂದು ಯಾರೂ ಹಿಗ್ಗಬೇಕಾಗಿಲ್ಲ. ನಿಘಂಟನ್ನು ಅರ್ಧ ಮಾಡುವ ವಿದ್ಯೆ ಬಾರದೆ ಳಕಾರದ ಜ್ಞಾನವೊಂದರಿಂದಲೇ ಸಂಬಳ ಬರುವುದಿಲ್ಲ. ಒಂದು ಭಾಷೆಯಲ್ಲಿ, ಪೈಥಾನ್ ಆಗಲಿ ಜಾವಾ ಆಗಲಿ, ಕೈ ಪಳಗುವವರೆಗೆ ದಿನವೂ ಬರೆಯಬೇಕು. ಐದು ಭಾಷೆಗಳ ಹೆಸರನ್ನು ಅರ್ಜಿಯಲ್ಲಿ ತುಂಬುವುದಕ್ಕಿಂತ, ಕಾಲೇಜಿನ ಗ್ರಂಥಾಲಯಕ್ಕೋ ಊರಿನ ಹಾಲಿನ ಸಂಘಕ್ಕೋ ಉಪಯೋಗವಾಗುವ ಒಂದು ಪುಟ್ಟ ಕೆಲಸವನ್ನು ಪೂರ್ತಿಯಾಗಿ ಮಾಡಿ ಮುಗಿಸಿ ಅದನ್ನು ಒಂದು ವರ್ಷ ನಡೆಸಿ ನೋಡುವುದು ಮೇಲು. ಮಾಡುವಾಗ ತಿಳಿಯದ ಎಷ್ಟೋ ಸಂಗತಿಗಳು ನಡೆಸುವಾಗ ತಿಳಿಯುತ್ತವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಹೆದರಿಕೆ ಇರುವುದು ಸಹಜ. ಭಾಷಣ ಮಾಡುವಷ್ಟು ಇಂಗ್ಲಿಷ್ ಮೊದಲ ದಿನವೇ ಬೇಕಾಗಿಲ್ಲ. ಆದರೆ ಕೈಪಿಡಿಗಳನ್ನು ಓದಿ ತಿಳಿಯುವಷ್ಟು, ಆದ ತೊಂದರೆಯನ್ನು ನಾಲ್ಕು ಸ್ಪಷ್ಟವಾದ ವಾಕ್ಯಗಳಲ್ಲಿ ಬರೆಯುವಷ್ಟು ಬರಲೇಬೇಕು.

ಈಗ ಎಲ್ಲರ ಬಾಯಲ್ಲಿಯೂ ಇರುವ ಕೃತಕ ಬುದ್ಧಿಮತ್ತೆಯ ಮಾತನ್ನು ಬಿಡುವಂತಿಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದಾಗಿನಿಂದ, ಹೊಸದಾಗಿ ಸೇರಿದ ತರುಣನ ಕೈಗೆ ಕೊಡುತ್ತಿದ್ದ ಸಣ್ಣಪುಟ್ಟ ಬರವಣಿಗೆಯನ್ನು ಯಂತ್ರವೇ ಕ್ಷಣಮಾತ್ರದಲ್ಲಿ ಬರೆದುಕೊಡುವ ಸ್ಥಿತಿ ಬಂದಿದೆ. ಇದರಿಂದ ಏಣಿಯ ಮೊದಲನೆಯ ಮೆಟ್ಟಿಲು ಜಾರುವಂತಾಗಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೂರು ತಿಂಗಳ ತರಬೇತಿಯಲ್ಲಿ ಕಲಿಯಬಹುದಾದುದು ಸಾಮಾನ್ಯವಾಗಿ ಆ ಮೊದಲನೆಯ ಮೆಟ್ಟಿಲೇ. ಆದರೆ ಪಹಣಿಯ ಲೆಕ್ಕ ಬರೆಯೆಂದು ಹೇಳಿದರೆ ಈ ಯಂತ್ರವೂ 3.50 ಎಂದು ಬರೆದುಬಿಡಬಹುದು; ಅದೂ ಬಹಳ ವಿನಯದಿಂದ, ತಿದ್ದಿದ ಮುದ್ದಾದ ವಾಕ್ಯಗಳಲ್ಲಿ. ಅದು ತಪ್ಪೆಂದು ಕಂಡುಹಿಡಿಯುವವನು, ಏನು ಬೇಕೆಂದು ಮೊದಲೇ ಸರಿಯಾಗಿ ಹೇಳಬಲ್ಲವನು, ತಪ್ಪಾದಾಗ ಹೊಣೆ ಹೊರುವವನು ಮನುಷ್ಯನೇ ಆಗಬೇಕು. ಮುಂದೆ ಹತ್ತು ವರ್ಷದಲ್ಲಿ ಏನಾದೀತೆಂದು ಭವಿಷ್ಯ ನುಡಿಯುವುದು ಜ್ಯೋತಿಷಿಗಳ ಕೆಲಸ. ಯಂತ್ರ ಬರೆದುದನ್ನು ಪರೀಕ್ಷಿಸಲಾರದವನಿಗಿಂತ ಪರೀಕ್ಷಿಸಬಲ್ಲವನ ಸ್ಥಿತಿ ಉತ್ತಮವಾಗಿರುವುದೆಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಹಣದ ವಿಚಾರದಲ್ಲಿ ಎರಡು ಮಾತು. ನೌಕರಿ ಕೊಡಿಸುವೆನೆಂದು ಹಣ ಕೇಳುವವನ ಮುಖವನ್ನು ಎರಡನೆಯ ಸಲ ನೋಡಬೇಕಾಗಿಲ್ಲ. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಡೆಂದು ಹೇಳುವ ಸಂಸ್ಥೆಯೂ ಅದೇ ಗುಂಪಿಗೆ ಸೇರಿದುದು. ಇಷ್ಟು ವರ್ಷ ದುಡಿಯುವೆನೆಂಬ ಕರಾರಿಗೆ ಸಹಿ ಹಾಕುವ ಮೊದಲು ಬಿಟ್ಟುಹೋದರೆ ಕಟ್ಟಬೇಕಾದ ಮೊತ್ತ ಎಷ್ಟೆಂದು ಓದಿಕೊಳ್ಳಬೇಕು. ಕೆಲಸ ಸಿಕ್ಕಿದ ಮೇಲೆ ಮೊದಲ ವರ್ಷದಲ್ಲಿಯೇ ಕಂತಿನ ಮೇಲೆ ಕಾರು ಕೊಳ್ಳುವ ಚಪಲವನ್ನು ತಡೆದು, ಆರು ತಿಂಗಳ ಮನೆಯ ಖರ್ಚನ್ನು ಬ್ಯಾಂಕಿನಲ್ಲಿ ಕೂಡಿಟ್ಟವನು ಬೆಂಚಿನ ಮೇಲೆ ಕುಳಿತಾಗಲೂ ನಿದ್ರೆ ಮಾಡಬಲ್ಲ. ಸಿಕ್ಕಿದ ಯಾವುದೋ ಕೆಲಸಕ್ಕೆ ಕೈಯೊಡ್ಡದೆ ತನಗೆ ತಕ್ಕುದನ್ನು ಹುಡುಕಬಲ್ಲ.

ಖಾಸಗಿ ಸಂಸ್ಥೆಗಳ ಏರಿಳಿತ ಬೇಡವೆನ್ನುವವರಿಗೆ ಬೇರೆ ದಾರಿಗಳೂ ಇವೆ. 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾಹಿತಿ ಕೇಂದ್ರವು ಕೇಂದ್ರ, ರಾಜ್ಯ ಸರ್ಕಾರಗಳ ಕಂಪ್ಯೂಟರ್ ಕೆಲಸಗಳನ್ನು ನೋಡಿಕೊಳ್ಳುತ್ತದೆ. ಭೂಮಿಯ ತಂತ್ರಾಂಶವೂ ಅದರದೇ. ಸಾರ್ವಜನಿಕ ಬ್ಯಾಂಕುಗಳಿಗೆ ಐ.ಬಿ.ಪಿ.ಎಸ್. ಪರೀಕ್ಷೆಯ ಮೂಲಕ ಐ.ಟಿ. ಅಧಿಕಾರಿಗಳನ್ನು ಆರಿಸುತ್ತಾರೆ. ಇದಕ್ಕೆ ಇಂಜಿನಿಯರಿಂಗ್ ಪದವಿಯೋ ಎಂ.ಸಿ.ಎ. ಮೊದಲಾದ ಸ್ನಾತಕೋತ್ತರ ಪದವಿಯೋ ಬೇಕು. ಅದಿಲ್ಲದ ಪದವೀಧರರು ನೀಲಿಟ್ ಸಂಸ್ಥೆಯ ‘ಬಿ’ ಹಂತದಲ್ಲಿ ತೇರ್ಗಡೆಯಾಗಿದ್ದರೆ ಅದನ್ನೂ ಒಪ್ಪುವ ನಿಯಮವಿದೆ. ಈ ನೀಲಿಟ್ ಪರೀಕ್ಷೆಗಳು ಹಿಂದೆ ಡೋಯೆಕ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದ್ದುವು. ಓ, ಎ, ಬಿ, ಸಿ ಎಂದು ಅವುಗಳಲ್ಲಿ ನಾಲ್ಕು ಹಂತಗಳು. ಮೊದಲನೆಯದಾದ ‘ಓ’ ಹಂತಕ್ಕೆ ಪಿ.ಯು.ಸಿ. ಆದವರು ಕುಳಿತುಕೊಳ್ಳಬಹುದಾದುದರಿಂದ ಬಿ.ಎ. ಓದುತ್ತಿರುವಾಗಲೇ ಅದನ್ನು ಆರಂಭಿಸಲು ಅಡ್ಡಿಯಿಲ್ಲ. ಅಧ್ಯಾಪಕರಾಗಬೇಕೆನ್ನುವವರಿಗೂ ಸ್ನಾತಕೋತ್ತರ ಪದವಿ ಬೇಕೇ ಬೇಕು.

ಎಂ.ಸಿ.ಎ. ಪದವಿ ಹಿಂದೆ ಮೂರು ವರ್ಷದ್ದಾಗಿತ್ತು. 2020–21ರಿಂದ ಎರಡು ವರ್ಷಕ್ಕೆ ಇಳಿದಿದೆ. ಕಲಾ ಪದವೀಧರರೂ ಅದಕ್ಕೆ ಸೇರಬಹುದು. ಆದರೆ ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಗಣಿತವನ್ನು ಓದಿರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ ಪಿ.ಜಿ.ಸಿ.ಇ.ಟಿ. ಪ್ರವೇಶ ಪರೀಕ್ಷೆ ನಡೆಸುವ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಪ್ರಕಟಣೆಯಲ್ಲಿ ಈ ವಿವರಗಳಿರುತ್ತವೆ. ಗಣಿತವನ್ನು ಬಿಟ್ಟು ಬಂದಿರುವ ಮಿತ್ರರು ಪ್ರಥಮ ವರ್ಷದಲ್ಲಿಯೇ ಇದನ್ನು ವಿಚಾರಿಸಿಕೊಂಡರೆ ವಿಷಯಗಳನ್ನು ಆರಿಸುವಾಗ ಸರಿಮಾಡಿಕೊಳ್ಳಲು ಅವಕಾಶವಿರುತ್ತದೆ. ಅಂತಿಮ ವರ್ಷದ ಪರೀಕ್ಷೆ ಮುಗಿಸಿ ವಿಚಾರಿಸುವವರಿಗೆ ಆ ಅವಕಾಶವಿರುವುದಿಲ್ಲ.